ಹುಲಿಕೆರೆ ತಿರುವಿನ ತಪ್ಪು

ಹಳೇಬೀಡಿನಿಂದ ಬೇಲೂರಿಗೆ ಬರುವ ದಾರಿಯಲ್ಲಿ, ಹುಲಿಕೆರೆ ತಿರುವಿನ ಬಳಿ ನಡೆದ ಕಾರು ಅಪಘಾತದಲ್ಲಿ ಯಾರಿಗೂ ಗಾಯವಾಗಲಿಲ್ಲ. ಒಬ್ಬರು ನಿಜ ಹೇಳಿದ್ದನ್ನು ಬಿಟ್ಟರೆ ಬೇರೆ ಯಾವ ಅನಾಹುತವೂ ಸಂಭವಿಸಲಿಲ್ಲ.

ನಿಜ ಹೇಳಿದವರು ಸಂಪತ್ಕುಮಾರ್. ಹಳೇಬೀಡಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟರು; ಮನೆ ಬೇಲೂರಿನಲ್ಲಿ. ತಂದೆ, ತಾತ ಎಲ್ಲ ದೇವರ ಸೇವೆಯಲ್ಲಿ ಇದ್ದವರಾದ್ದರಿಂದ ಸುಳ್ಳು ಹೇಳುವ ವಿದ್ಯೆ ಆ ಮನೆತನದಲ್ಲಿ ಸರಿಯಾಗಿ ಬೆಳೆದಿರಲಿಲ್ಲ. ಆ ಸಂಜೆ ಶಾಲೆ ಮುಗಿಸಿ ಕಾರಿನಲ್ಲಿ ಬರುತ್ತಿದ್ದಾಗ ಎದುರಿನಿಂದ ಮೊಪೆಡ್ಡಿನಲ್ಲಿ ಬಂದ ಹಳೇ ಶಿಷ್ಯನೊಬ್ಬ "ನಮಸ್ಕಾರ ಸಾ" ಎಂದ. ಒಂದೇ ಕೈಯಲ್ಲಿ ನಮಸ್ಕಾರ ಮಾಡುವುದು ಮೇಷ್ಟರ ಜಾಯಮಾನಕ್ಕೆ ಒಗ್ಗಿದ್ದಲ್ಲ. ಸ್ಟೇರಿಂಗ್ ಬಿಟ್ಟು ಎರಡೂ ಕೈ ಜೋಡಿಸಿದರು. ಜೋಡಿಸಿದ ಕೈ ಬಿಡಿಸುವಷ್ಟರಲ್ಲಿ, ಎಮ್ಮೆಗೆ ದಾರಿ ಬಿಟ್ಟು ನಿಂತಿದ್ದ ಕಾರೊಂದರ ಹಿಂಭಾಗವೂ ಅವರ ಕಾರಿನ ಮುಂಭಾಗವೂ ಒಂದೇ ಆಗಿದ್ದವು.

ಮುಂದಿನ ಕಾರಿನಿಂದ ಇಳಿದವನು ಮಧುಕುಮಾರ್, ಬೇಲೂರಿನ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕ. ಬಾಗಿಲು ತೆಗೆಯುವಾಗಲೇ ತೋಳು ಮಡಿಸಿಕೊಂಡು ಇಳಿದ. ಚಹಾದಂಗಡಿಯಲ್ಲಿದ್ದವರು ಲೋಟ ಕೆಳಗಿಟ್ಟು ಬಂದರು. ಬಸ್ಸೊಂದು ನಿಂತು, ಕಂಡಕ್ಟರೂ ಇಳಿದ. ಇಂಥ ಸಂದರ್ಭಗಳಲ್ಲಿ ಏನೇನು ನಡೆಯಬೇಕೋ ಅದಕ್ಕೆಲ್ಲ ಜನ ಸಿದ್ಧರಾಗಿ ಸುತ್ತ ನಿಂತರು.

ಸಂಪತ್ಕುಮಾರ್ ಕನ್ನಡಕ ಸರಿಮಾಡಿಕೊಂಡು, "ತಪ್ಪು ನನ್ನದು" ಎಂದರು.

ಮಧುಕುಮಾರ್ ಬೈಯಲು ತೆರೆದ ಬಾಯಿ ತೆರೆದೇ ಇತ್ತು.

"ಸಾರ್, ಹಂಗೆ ಏಕಾಏಕಿ ಒಪ್ಕೊಂಡುಬಿಟ್ರೆ ನಾನೇನು ಮಾಡ್ಲಿ?" ಎಂದ ಕೊನೆಗೆ, ಮಡಿಸಿದ ತೋಳನ್ನು ಇಳಿಸಿಕೊಳ್ಳುತ್ತ.

"ನೀವು ನಿಂತಿದ್ರಿ. ನಾನು ಬಂದು ಗುದ್ದಿದೆ. ಇದರಲ್ಲಿ ಒಪ್ಪಿಕೊಳ್ಳದೆ ಇರೋದಕ್ಕೆ ಏನಿದೆ?"

ಎಮ್ಮೆಯ ಒಡತಿ, ಹುಲಿಕೆರೆಯ ಹುಚ್ಚಮ್ಮ, ಕೋಲು ಊರಿಕೊಂಡು ಮೇಷ್ಟರ ಮುಖವನ್ನೇ ನೋಡಿದಳು. "ಗಂಡಸ್ರ ಬಾಯಲ್ಲಿ ತಪ್ಪು ನಂದು ಅನ್ನೋದ ಈ ಜಲ್ಮದಲ್ಲಿ ಇವತ್ತೇ ಕೇಳಿದ್ದು ಕಣಪ್ಪ" ಎಂದು ಎಮ್ಮೆ ಹೊಡೆದುಕೊಂಡು ಹೋದಳು. ಜನ ನಿರಾಶರಾಗಿ ಚದುರಿದರು. ಬಸ್ಸು ಹೊರಟಿತು.

ಮಧುಕುಮಾರನ ಚಿಂತೆ ಕಾರಿನದಲ್ಲ. ಅವನ ತಂದೆ ಶಿವಯ್ಯನವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ವಾರಕ್ಕೆರಡು ಸಲ ಹಾಸನಕ್ಕೆ ಕರೆದುಕೊಂಡು ಹೋಗಿ ವ್ಯಾಯಾಮ ಮಾಡಿಸುತ್ತಿದ್ದ. ಕೈ ಈಗೀಗ ಕಾಫಿ ಲೋಟ ಎತ್ತುವಷ್ಟಕ್ಕೆ ಬಂದಿತ್ತು. "ಕಾರಿಲ್ಲದಿದ್ರೆ ಅಪ್ಪನ್ನ ಹೆಂಗೆ ಕರ್ಕೊಂಡು ಹೋಗ್ಲಿ ಸಾರ್?" ಎಂದ.

"ಯೋಚನೆ ಮಾಡಬೇಡಿ. ಇನ್ಶೂರೆನ್ಸ್ ಇರೋದು ಇದಕ್ಕೇ ಅಲ್ಲವೆ?" ಎಂದರು ಸಂಪತ್ಕುಮಾರ್. ಇಬ್ಬರದೂ ಒಂದೇ ಕಂಪನಿ ಎಂದು ತಿಳಿದು ಇಬ್ಬರಿಗೂ ಸಮಾಧಾನವಾಯಿತು. ಸರ್ವಮಂಗಳ ವಿಮಾ ಕಂಪನಿ, ಅರಸೀಕೆರೆ ಶಾಖೆ. ಒಂದೇ ಮನೆಯವರಿದ್ದ ಹಾಗೆ ಎಂದುಕೊಂಡರು.

ಮನೆಗೆ ಬಂದು ಹೆಂಡತಿ ಚೆಲುವಾಂಬ ಅವರಿಗೆ ನಡೆದದ್ದನ್ನು ಹೇಳಿದರು.

"ರಸ್ತೇಲಿ, ಎಲ್ಲರ ಎದುರಿಗೆ, ತಪ್ಪು ನನ್ನದು ಅಂದ್ರಾ?"

"ಅಂದೆ."

"ಇಷ್ಟು ವರ್ಷ ಸಂಸಾರ ಮಾಡಿದೀನಿ, ನನಗೊಂದು ದಿನ ಹೇಳಲಿಲ್ಲ" ಎಂದು ಆಕೆ ಒಳಗೆ ಹೋದರು.

ಮಾರನೆಯ ದಿನ ಕಂಪನಿಯ ಸರ್ವೇಯರ್ ದೀಪಕ್ ಬೇಲೂರಿನ ಗ್ಯಾರೇಜಿಗೆ ಬಂದ. ಅಪಘಾತವಾದ ಗಾಡಿಗಳನ್ನು ನೋಡಿ ನಷ್ಟ ಎಷ್ಟೆಂದು ಹೇಳುವುದು ಅವನ ಕೆಲಸ. ಎರಡು ಕಾರುಗಳ ಫೋಟೊ ತೆಗೆದುಕೊಂಡು, "ಹೇಗಾಯ್ತು ಸಾರ್?" ಎಂದು ಕೇಳಿದ. ಮೇಷ್ಟರು ನಮಸ್ಕಾರದಿಂದ ಹಿಡಿದು ಎಲ್ಲವನ್ನೂ ಹೇಳಿದರು. "ತಪ್ಪು ನನ್ನದು ಅಂತ ಅಲ್ಲೇ ಹೇಳಿಬಿಟ್ಟೆ" ಎಂಬಲ್ಲಿಗೆ ಬಂದಾಗ ದೀಪಕನ ಪೆನ್ನು ನಿಂತಿತು.

"ಆ ಮಾತು ಯಾರಾದ್ರೂ ಕೇಳಿಸ್ಕೊಂಡ್ರಾ ಸಾರ್?"

"ಒಂದು ಬಸ್ಸು ಜನ ಕೇಳಿಸಿಕೊಂಡರು."

ದೀಪಕ್ ಗ್ಯಾರೇಜಿನವನಿಗೆ ಕೈಸನ್ನೆ ಮಾಡಿ ಕೆಲಸ ನಿಲ್ಲಿಸಿದ. ಇಬ್ಬರನ್ನೂ ಅರಸೀಕೆರೆಗೆ ಬರಹೇಳಿ, ಸಾವಿನ ಮನೆಯಿಂದ ಹೊರಡುವವನಂತೆ ಹೇಳದೆ ಹೊರಟುಹೋದ.

ಶಾಖೆಯ ಮ್ಯಾನೇಜರ್ ರಘುರಾಮ್ ಬಹಳ ಸಜ್ಜನ. ಇಬ್ಬರಿಗೂ ಕಾಫಿ ತರಿಸಿ, ಫ್ಯಾನು ತಿರುಗಿಸಿ, ಮೇಷ್ಟರ ಕಡೆ ಕನಿಕರದಿಂದ ನೋಡಿದರು.

"ಗುದ್ದಿದ್ದರ ಬಗ್ಗೆ ಕಂಪನಿಗೆ ಯಾವ ಬೇಸರವೂ ಇಲ್ಲ. ಗುದ್ದಲಿ ಅಂತಲೇ ನಾವು ವಿಮೆ ಕೊಡೋದು. ತಪ್ಪು ನಿಮ್ಮದೇ ಆಗಿದ್ರೂ ನಿಮ್ಮ ಕಾರಿಗೆ ಕೊಡ್ತೀವಿ, ಅವರ ಕಾರಿಗೂ ಕೊಡ್ತೀವಿ. ಆದರೆ ಒಪ್ಪಿಕೊಳ್ಳೋದಕ್ಕೆ ವಿಮೆ ಇಲ್ಲ."

"ಅಂದರೆ?"

"ಪಾಲಿಸಿಯಲ್ಲಿ ಷರತ್ತಿದೆ. ಕಂಪನಿಯ ಲಿಖಿತ ಪೂರ್ವಾನುಮತಿ ಇಲ್ಲದೆ ವಿಮೆದಾರರು ಯಾವುದೇ ತಪ್ಪನ್ನು ಒಪ್ಪಿಕೊಳ್ಳತಕ್ಕದ್ದಲ್ಲ. ನೀವು ಅನುಮತಿ ಪಡೆಯದೆ ನಿಜ ಹೇಳಿದ್ದೀರಿ. ರಕ್ಷಣೆ ರದ್ದಾಗುತ್ತೆ."

"ಅನುಮತಿ ಯಾವಾಗ ಪಡೆಯಬೇಕಿತ್ತು? ಅಪಘಾತಕ್ಕೆ ಮುಂಚೆಯೇ?"

"ಛೆ ಛೆ, ಅಷ್ಟು ಕಠಿಣವಾಗಿಲ್ಲ ನಾವು. ಅಪಘಾತ ಆದ ಮೇಲೆ, ಮಾತಾಡೋ ಮುಂಚೆ. ಕಚೇರಿ ವೇಳೆಯಲ್ಲಿ."

"ಅಲ್ಲಿವರೆಗೆ ನಾನು ಏನು ಹೇಳಬೇಕಿತ್ತು?"

"ಏನೂ ಹೇಳಬಾರದಿತ್ತು. ತೀರಾ ತಡೆಯಲಾಗದಿದ್ದರೆ ಬೈಯಬಹುದಿತ್ತು. ಬೈಗುಳಕ್ಕೆ ನಮ್ಮ ಅಭ್ಯಂತರವಿಲ್ಲ."

"ನಾನು ಹೇಳಿದ್ದು ನಿಜ ಸ್ವಾಮಿ."

"ಅದೇ ತೊಂದರೆ ಆಗಿರೋದು ಮೇಷ್ಟ್ರೇ. ಸುಳ್ಳಾಗಿದ್ರೆ ಗಾಬರಿಯಲ್ಲಿ ಅಂದಿದ್ದು ಅಂತ ಮನ್ನಾ ಮಾಡಬಹುದಿತ್ತು."

ಮಧುಕುಮಾರ್ ಮಧ್ಯೆ ಬಾಯಿ ಹಾಕಿದ. "ಹೋಗ್ಲಿ ಸಾರ್, ನನ್ನ ಕಾರನ್ನ ನನ್ನ ವಿಮೇಲೇ ರಿಪೇರಿ ಮಾಡಿಸಿಬಿಡಿ. ಮುಂದಿನ ವರ್ಷದ ರಿಯಾಯಿತಿ ಹೋದ್ರೆ ಹೋಗ್ಲಿ."

"ಸಂತೋಷವಾಗಿ ಮಾಡಬಹುದು" ಎಂದರು ರಘುರಾಮ್. "ಆದರೆ ತಪ್ಪು ಬೇರೆಯವರದು ಅಂತ ಬಹಿರಂಗವಾಗಿರೋದರಿಂದ, ನಿಮಗೆ ಕೊಡೋದನ್ನ ನಾವು ಅವರ ಕಂಪನಿಯಿಂದ ವಸೂಲು ಮಾಡಬೇಕು. ಅವರ ಕಂಪನಿ ನಾವೇ. ನಮಗೆ ನಾವು ಈಗಾಗಲೇ ನೋಟೀಸು ಕೊಟ್ಟಿದ್ದೀವಿ. ಉತ್ತರ ಬರೋವರೆಗೂ ಕಾಯಬೇಕು."

ಉತ್ತರ ಬಂದಿತು, ಆದರೆ ಅದು ಖಾರವಾಗಿತ್ತು. ಮಧುಕುಮಾರನ ಪರವಾಗಿ ಬರೆದ ಪತ್ರಕ್ಕೆ ಸಹಿ ಹಾಕಿದವರು ರಘುರಾಮ್. ಸಂಪತ್ಕುಮಾರರ ಪರವಾಗಿ, ಇಂಥ ಭಾಷೆ ನಾಗರಿಕರಿಗೆ ಶೋಭಿಸುವುದಿಲ್ಲವೆಂದು ಉತ್ತರ ಬರೆದವರೂ ರಘುರಾಮ್. ವ್ಯಾಜ್ಯ ಇತ್ಯರ್ಥವಾಗುವವರೆಗೂ ಎರಡೂ ಕಡೆಯವರು ಮುಖಾಮುಖಿ ಮಾತಾಡಬಾರದೆಂಬ ನಿಯಮವಿದ್ದುದರಿಂದ ರಘುರಾಮ್ ಕಚೇರಿಯಲ್ಲಿ ಬಹುತೇಕ ಮೌನವಾಗಿರತೊಡಗಿದರು. ಕನ್ನಡಿ ಇದ್ದ ಕೈತೊಳೆಯುವ ಜಾಗಕ್ಕೂ ಹೋಗುವುದನ್ನು ಬಿಟ್ಟರು. ಅವರ ಶಿಸ್ತನ್ನು ಸಿಬ್ಬಂದಿ ಮೆಚ್ಚಿಕೊಂಡರು.

ಕಾರುಗಳು ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿದ್ದವು. ಮೇಷ್ಟರು ಬಸ್ಸಿನಲ್ಲಿ ಓಡಾಡಿದರು. ಹೇಳಿದ ನಿಜವನ್ನು ವಾಪಸ್ ಪಡೆದರೆ ಎಲ್ಲ ಸರಿಹೋಗುತ್ತದೆಂದು ದೀಪಕ್ ಎರಡು ಸಲ ಫೋನು ಮಾಡಿ ಹೇಳಿದ್ದ. ಮೇಷ್ಟರು ಒಪ್ಪಿರಲಿಲ್ಲ. "ಮಕ್ಕಳಿಗೆ ನಿಜ ಹೇಳಿ ಅಂತ ಪಾಠ ಮಾಡೋನು ನಾನು. ಹೇಗಪ್ಪಾ ಹೇಳಲಿ?" ಎಂದಿದ್ದರು. "ಪಾಠಕ್ಕೆ ಏನೂ ತೊಂದರೆ ಇಲ್ಲ ಸಾರ್, ಕ್ಲಾಸಿನೊಳಗೆ ನಮ್ಮ ಷರತ್ತು ಅನ್ವಯಿಸಲ್ಲ" ಎಂದಿದ್ದ ದೀಪಕ್.

ಒಂದು ಬೆಳಿಗ್ಗೆ ಬೇಲೂರು ಬಸ್ ನಿಲ್ದಾಣದಲ್ಲಿ ಮೇಷ್ಟರು ಮಧುಕುಮಾರನನ್ನು ಕಂಡರು. ಹಾಸನದ ಬಸ್ಸಿಗೆ ತಂದೆಯನ್ನು ಹತ್ತಿಸುತ್ತಿದ್ದ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಶಿವಯ್ಯನವರನ್ನು ಹಿಂದಿನಿಂದ ಮಗ ಎತ್ತಿ ಹಿಡಿದಿದ್ದ. ಮುದುಕರು ಬಲಗೈಯಿಂದ ಬಾಗಿಲ ಕಂಬಿ ಹಿಡಿಯಲು ಹೋದರು. ಲೋಟ ಎತ್ತುತ್ತಿದ್ದ ಬೆರಳು, ಕಾರಿಲ್ಲದೆ ವ್ಯಾಯಾಮ ತಪ್ಪಿದ್ದರಿಂದ, ಕಂಬಿಯವರೆಗೂ ಹೋಗಿ, ಮುಚ್ಚಿಕೊಳ್ಳದೆ, ಹಾಗೇ ಜಾರಿತು. "ರೈಟ್, ರೈಟ್, ಬೇಗ ಹತ್ಸಿ" ಎಂದ ಕಂಡಕ್ಟರ್.

ಮೇಷ್ಟರು ಓಡಿಹೋಗಿ ಕೈ ಕೊಟ್ಟರು. ಶಿವಯ್ಯನವರು ಸೀಟಿನಲ್ಲಿ ಕೂತು ಸುಧಾರಿಸಿಕೊಂಡು, ಅವರು ಯಾರೆಂದು ತಿಳಿಯದೆ, "ದೊಡ್ಡ ಉಪಕಾರ ಆಯ್ತು ಸಾಮಿ. ಒಳ್ಳೇದಾಗ್ಲಿ ನಿಮಗೆ" ಎಂದರು. ಮಧುಕುಮಾರ್ ಕಿಟಕಿಯ ಆಚೆ ನೋಡುತ್ತಿದ್ದ.

ಆ ದಿನ ಮೇಷ್ಟರು ಶಾಲೆಗೆ ಹೋಗಲಿಲ್ಲ. ಅರಸೀಕೆರೆಗೆ ಫೋನು ಮಾಡಿ, "ವಾಪಸ್ ತಗೋತೀನಿ" ಎಂದರು.

ಕಂಪನಿ ತಡಮಾಡಲಿಲ್ಲ. ಹುಲಿಕೆರೆ ತಿರುವಿನ ಚಹಾದಂಗಡಿಯ ಗೋಡೆಗೆ ಪ್ರಕಟಣೆ ಅಂಟಿಸಲಾಯಿತು:

"ಸಾರ್ವಜನಿಕರ ಗಮನಕ್ಕೆ. ಈ ಸ್ಥಳದಲ್ಲಿ ಇತ್ತೀಚೆಗೆ ಅನುಮತಿಯಿಲ್ಲದೆ ಹೇಳಲ್ಪಟ್ಟ ನಿಜವನ್ನು ಬರುವ ಭಾನುವಾರ ಇದೇ ಸ್ಥಳದಲ್ಲಿ ಹಿಂಪಡೆಯಲಾಗುವುದು. ಸದರಿ ನಿಜವನ್ನು ಕೇಳಿಸಿಕೊಂಡವರು ಕಡ್ಡಾಯವಾಗಿ ಹಾಜರಿದ್ದು, ಕೇಳಿಸಿಕೊಂಡದ್ದನ್ನು ಮರಳಿಸತಕ್ಕದ್ದು. ಗೈರುಹಾಜರಾದವರ ಕಿವಿಯಲ್ಲಿ ಉಳಿದುಹೋಗುವ ನಿಜಕ್ಕೆ ಕಂಪನಿಯು ಜವಾಬ್ದಾರಿಯಲ್ಲ."

ಭಾನುವಾರ ಶಾಮಿಯಾನ ಹಾಕಿದ್ದರು. ಬಸ್ಸನ್ನು ಅದೇ ಜಾಗದಲ್ಲಿ ನಿಲ್ಲಿಸಿದ್ದರು. ಸಂದರ್ಭ ಮೊದಲಿನಂತೆಯೇ ಇರಬೇಕೆಂಬ ಕಾರಣಕ್ಕೆ ಹುಚ್ಚಮ್ಮನನ್ನು ಎಮ್ಮೆಸಮೇತ ಬರಹೇಳಲಾಗಿತ್ತು. ರಘುರಾಮ್ ಎರಡೂ ಪಕ್ಷಗಳ ಪರವಾಗಿ ಬಂದಿದ್ದರಿಂದ ಅವರಿಗೆ ಎರಡು ಕುರ್ಚಿ ಹಾಕಿದ್ದರು. ಅವರು ಆಗಾಗ ಎದ್ದು ಕುರ್ಚಿ ಬದಲಾಯಿಸುತ್ತಿದ್ದರು.

ಸಂಪತ್ಕುಮಾರ್ ಮುಂದೆ ಬಂದರು. ಗುಂಪಿನಲ್ಲಿ ಅವರ ಶಾಲೆಯ ಮಕ್ಕಳೂ ಇದ್ದರು. "ತಪ್ಪು" ಎಂದು ನಿಂತರು. ನೀರು ಕುಡಿದರು. "ತಪ್ಪು ನನ್ನದಲ್ಲ" ಎಂದರು. ಅದೇನೂ ಅಷ್ಟು ಕಷ್ಟವಾಗಲಿಲ್ಲವೆಂಬುದೇ ಅವರಿಗೆ ಹೆಚ್ಚು ನೋವಾದ ಸಂಗತಿ. ಜನ ಚಪ್ಪಾಳೆ ತಟ್ಟಿದರು.

ದೀಪಕ್ ಬರೆದುಕೊಂಡು, ಯಾರೂ ನಿರೀಕ್ಷಿಸದಿದ್ದ ಪ್ರಶ್ನೆ ಕೇಳಿದ. "ಹಾಗಾದ್ರೆ ತಪ್ಪು ಯಾರದು?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎರಡು ಕಾರು ನುಜ್ಜಾಗಿದೆ ಅಂದ ಮೇಲೆ ತಪ್ಪಂತೂ ಒಂದು ಇದ್ದೇ ಇದೆ. ಅದನ್ನ ವಾರಸುದಾರರಿಲ್ಲದೆ ಸರ್ಕಾರಿ ರಸ್ತೇಲಿ ಬಿಟ್ಟು ಹೋಗೋಕೆ ಆಗಲ್ಲ. ಯಾರಿಗಾದ್ರೂ ಸೇರಲೇಬೇಕು" ಎಂದ ದೀಪಕ್.

ಮಧುಕುಮಾರ್ ಮೇಷ್ಟರ ಕಡೆ ನೋಡಿದ. ಅವರು ಮಕ್ಕಳಿಗೆ ಬೆನ್ನು ಹಾಕಿ, ತಮ್ಮ ಕಾಲ ಬೆರಳನ್ನೇ ನೋಡುತ್ತ ನಿಂತಿದ್ದರು. ಅವನಿಗೆ ಯಾಕೋ ತಡೆಯಲಾಗಲಿಲ್ಲ. "ನಂದೇ ಅಂತ ಬರ್ಕೊಂಡುಬಿಡಿ ಸಾರ್. ಬ್ರೇಕ್ ಹಾಕಿದ್ದು ನಾನು" ಎಂದ.

ರಘುರಾಮ್ ಎರಡೂ ಕುರ್ಚಿಗಳ ಪರವಾಗಿ ಎದ್ದು ನಿಂತರು. "ಅಯ್ಯೋ, ಅನುಮತಿ! ಪೂರ್ವಾನುಮತಿ ಎಲ್ಲಿದೆ?"

ತಡವಾಗಿತ್ತು. ಒಬ್ಬರಿಗೆ ವಾಪಸ್ ಬಂದ ವಿಮೆ ಈಗ ಇನ್ನೊಬ್ಬರಿಗೆ ಇಲ್ಲವಾಯಿತು. ಕಂಡಕ್ಟರ್ ಏನೋ ಹೇಳಲು ಬಾಯಿ ತೆರೆದವನು, ತನ್ನ ಮನೆಯಲ್ಲೂ ಒಂದು ಪಾಲಿಸಿ ಇರುವುದು ನೆನಪಾಗಿ ಮುಚ್ಚಿಕೊಂಡ. ಚಹಾದಂಗಡಿಯವನು ಒಳಗೆ ಹೋದ. ಅಲ್ಲಿದ್ದ ಪ್ರತಿಯೊಬ್ಬರೂ ಬೈಕಿಗೋ ಟ್ರ್ಯಾಕ್ಟರಿಗೋ ಯಾವುದಕ್ಕೋ ವಿಮೆ ಮಾಡಿಸಿದವರೇ. ತಪ್ಪು ಶಾಮಿಯಾನದ ಮಧ್ಯೆ ಹಾಗೇ ಬಿದ್ದಿತ್ತು.

"ಅದೇನು ಅಷ್ಟೊತ್ತಿಂದ ತಪ್ಪು ತಪ್ಪು ಅಂತೀರಲ್ಲ" ಎಂದಳು ಹುಚ್ಚಮ್ಮ. "ನಂದು ಅಂತ ಬರ್ಕಳಿ, ಅತ್ಲಾಗಿ. ಎಮ್ಮೆಗೆ ನೀರು ಕುಡಿಸ್ಬೇಕು."

ದೀಪಕ್ ಎಚ್ಚರಿಕೆಯಿಂದ ಕೇಳಿದ. "ಅಮ್ಮಾ, ನಿಮ್ಮ ಹೆಸರಲ್ಲಿ ಯಾವುದಾದ್ರೂ ಇನ್ಶೂರೆನ್ಸ್ ಇದೆಯಾ? ಗಾಡಿಗೆ, ಮನೆಗೆ, ಎಮ್ಮೆಗೆ?"

"ಎಮ್ಮೆಗೆ ಮೂಗುದಾರ ಐತೆ. ಅಷ್ಟೇಯ."

ದೀಪಕನ ಮುಖ ಅರಳಿತು. ಷರತ್ತು ಅನ್ವಯಿಸುವುದು ವಿಮೆದಾರರಿಗೆ ಮಾತ್ರ. ವಿಮೆ ಇಲ್ಲದವರು ಯಾರ ಅಪ್ಪಣೆಯೂ ಇಲ್ಲದೆ ಎಷ್ಟು ತಪ್ಪನ್ನಾದರೂ ಒಪ್ಪಿಕೊಳ್ಳಬಹುದು. ಅಂಥ ಸ್ವಾತಂತ್ರ್ಯ ಉಳಿದಿದ್ದವರು ಆ ಶಾಮಿಯಾನದಲ್ಲಿ ಆಕೆ ಒಬ್ಬಳೇ. ರಘುರಾಮ್ ಎರಡು ಕುರ್ಚಿಗಳ ನಡುವೆ ನಿಂತು ಕಾನೂನಿನ ಅಂಶವನ್ನು ಪರಿಶೀಲಿಸಿದರು. ತಪ್ಪಿಗೆ ವಾರಸುದಾರರು ಸಿಕ್ಕಿದ್ದರಿಂದ ಮಧುಕುಮಾರ್ ಒಪ್ಪಿಕೊಂಡೇ ಇಲ್ಲವೆಂದೂ, ಆಕೆಯಿಂದ ವಸೂಲು ಮಾಡಬಹುದಾದ್ದು ಏನೂ ಇಲ್ಲವಾದ್ದರಿಂದ ವಸೂಲಾತಿ ಮುಗಿದಿದೆಯೆಂದೇ ಭಾವಿಸತಕ್ಕದ್ದೆಂದು ಅಲ್ಲೇ ಆದೇಶವಾಯಿತು.

"ತಗೊಂಡ್ರೆ ಅದಕ್ಕೆ ಮೇವು ಗೀವು ಹಾಕ್ಬೇಕೇನಪ್ಪ?"

"ಏನೂ ಬೇಡಮ್ಮ."

"ಹಂಗಾರೆ ಇರ್ಲಿ ಬಿಡು. ಕೊಟ್ಟಿಗೆ ಮೂಲೇಲಿ ಬಿದ್ದಿರ್ತೈತೆ."

ಸಂಪತ್ಕುಮಾರ್ ಆಕೆಯ ಹತ್ತಿರ ಹೋಗಿ, "ಅಮ್ಮಾ, ಇದು ನ್ಯಾಯ ಅಲ್ಲ" ಎಂದರು ಮೆಲ್ಲಗೆ.

"ಸುಮ್ಕಿರಿ ಮೇಷ್ಟ್ರೇ. ನಮ್ಮಂತೋರ ಮ್ಯಾಲೆ ಹಾಕೋದು ಹೊಸ್ದಲ್ಲ. ಕೇಳಿ ಹಾಕಿದ್ದು ಇದೇ ಮೊದ್ಲು" ಎಂದು ಆಕೆ ಎಮ್ಮೆಯ ಬೆನ್ನು ತಟ್ಟಿದಳು.

ಕಾರುಗಳು ರಿಪೇರಿಯಾದವು. ಶಿವಯ್ಯನವರು ಮತ್ತೆ ಮಗನ ಕಾರಿನಲ್ಲಿ ಹಾಸನಕ್ಕೆ ಹೋಗತೊಡಗಿದರು. ಕೆಲವು ದಿನಗಳಲ್ಲಿ ಬೆರಳು ಮುಚ್ಚಿಕೊಂಡಿತು. ಮುಂದೆ ತಾವೇ ಗುಂಡಿ ಹಾಕಿಕೊಳ್ಳುವಷ್ಟಾಯಿತು. ರಘುರಾಮ್ ತಮ್ಮೊಡನೆ ರಾಜಿ ಮಾಡಿಕೊಂಡು ಕನ್ನಡಿಯ ಮುಂದೆ ಕೈ ತೊಳೆದರು. ಇಷ್ಟಕ್ಕೆ ನಿಂತಿದ್ದರೆ ಇದನ್ನು ಹೇಳಬೇಕಾಗಿಯೂ ಇರಲಿಲ್ಲ.

ಸುದ್ದಿ ಹಬ್ಬಿತು. ಅರೇಹಳ್ಳಿಯ ಕಾಫಿ ಲಾರಿಯೊಂದು ಮೋರಿಗೆ ಇಳಿದಾಗ ಚಾಲಕ ಪೊಲೀಸರಿಗಿಂತ ಮೊದಲು ಹುಲಿಕೆರೆಗೆ ಬಂದ. ಹುಚ್ಚಮ್ಮ ಒಪ್ಪಿಕೊಂಡಳು. ಅರಸೀಕೆರೆಯ ಎರಡು ಆಟೋದವರು ಜಗಳವಾಡುತ್ತಲೇ ಒಂದೇ ಆಟೋದಲ್ಲಿ ಬಂದರು. "ನಾನು ಅರಸೀಕೆರೆ ಕಂಡೋಳೇ ಅಲ್ಲ" ಎಂದಳು ಆಕೆ. ಸ್ಥಳದಲ್ಲಿ ಇರಲೇಬೇಕೆಂಬ ನಿಯಮವಿಲ್ಲವೆಂದು ಕಂಪನಿ ಸ್ಪಷ್ಟಪಡಿಸಿತು. ಅನಂತರ ಆಕೆಯ ಮನೆಯ ಮುಂದೆ ಹಸಿರು ಬಣ್ಣದ ಫಲಕ ಬಂತು: "ಅಧಿಕೃತ ತಪ್ಪುದಾರರು, ಅರಸೀಕೆರೆ, ಬೇಲೂರು ಮತ್ತು ಹಳೇಬೀಡು. ಊಟದ ವೇಳೆಯಲ್ಲಿ ತಪ್ಪುಗಳನ್ನು ಸ್ವೀಕರಿಸಲಾಗುವುದಿಲ್ಲ."

ಜನರ ಅನುಕೂಲ ಕಂಡು ಇತರರೂ ಮುಂದೆ ಬಂದರು. ಹಾಕಿದ ವರ್ಷವೇ ಕಿತ್ತುಹೋದ ರಸ್ತೆಯ ಗುತ್ತಿಗೆದಾರ ಬಂದ. ಇಬ್ಬರಿಗೆ ಒಂದೇ ಸೈಟು ಕೊಟ್ಟಿದ್ದ ಅಧಿಕಾರಿ ಜೀಪು ಕಳಿಸಿದ. ಬದುಕಿದ್ದವರನ್ನು ಸತ್ತವರೆಂದು ಬರೆದಿದ್ದ ಇಲಾಖೆಯವರು ಸತ್ತವರನ್ನೂ ಜೊತೆಗೆ ಕರೆತಂದಿದ್ದರು. ಹುಚ್ಚಮ್ಮ ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ವಿಷಯ ತಿಳಿಯದ ಹೊಸ ಏಜೆಂಟನೊಬ್ಬ ಆಕೆಗೆ ಪಾಲಿಸಿ ಮಾಡಿಸಲು ಹೋದಾಗ ಊರವರೆಲ್ಲ ಸೇರಿ ಅವನನ್ನು ಕೆರೆ ದಾಟಿಸಿ ಬಿಟ್ಟುಬಂದರು. ಆಕೆಗೆ ವಿಮೆ ಮಾಡಿಸುವುದು ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ಪಂಚಾಯಿತಿ ನಿರ್ಣಯವಾಯಿತು.

ಸಂಪತ್ಕುಮಾರರಿಗೆ ಮಾತ್ರ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಒಂದು ಭಾನುವಾರ ಅವರು ಹುಲಿಕೆರೆಗೆ ಹೋಗಿ, ಸರದಿಯಲ್ಲಿ ನಿಂತು, ತಮ್ಮ ಹೊತ್ತು ಬಂದಾಗ ಹುಚ್ಚಮ್ಮನ ಜಗಲಿಯ ಮುಂದೆ ಕೈಮುಗಿದರು.

"ಏನ್ ತಂದಿದ್ದೀರಿ ಮೇಷ್ಟ್ರೇ?"

"ತಂದಿಲ್ಲಮ್ಮ. ನನ್ನದೊಂದು ನಿಮ್ಮ ಹತ್ತಿರ ಇದೆ. ವಾಪಸ್ ತಗೊಂಡು ಹೋಗೋಣ ಅಂತ ಬಂದೆ."

ಹುಚ್ಚಮ್ಮ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಅವರನ್ನು ನೋಡಿದಳು. ಆಕೆಯ ಕಣ್ಣಿನಲ್ಲಿ ನಿಜವಾಗಿಯೂ ಸಂಕಟವಿತ್ತು.

"ಈಗ ಬಂದ್ರೆ ಹೆಂಗಪ್ಪ? ಇಷ್ಟೊಂದ್ರಲ್ಲಿ ನಿಂದು ಯಾವ್ದು ಅಂತ ಎಲ್ಲಿ ಹುಡುಕ್ಲಿ? ಎಲ್ಲಾವೂ ನೋಡಕ್ಕೆ ಒಂದೇ ಥರಾ ಅವೆ."

"ಸಣ್ಣದು. ಒಂದು ನಮಸ್ಕಾರದಿಂದ ಆಗಿದ್ದು."

"ಹೊಸ್ದೊಂದು ಮಾಡ್ಕಂಡ್ರೆ ಆಯ್ತಪ್ಪ. ಬೇಜಾರ್ ಮಾಡ್ಕಬೇಡ" ಎಂದು ಆಕೆ ಎಲೆಯಡಿಕೆ ಮಡಿಸಿ ಕೊಟ್ಟಳು. ಹಿಂದಿನವರು "ಬೇಗ ಮುಗ್ಸಿ ಸಾರ್" ಎಂದರು.

ಮೇಷ್ಟರು ಎಲೆಯಡಿಕೆ ಹಿಡಿದು ತಿರುಗಿದರು. ಸರದಿ ಬೀದಿಯ ಕೊನೆಯವರೆಗೂ ಇತ್ತು; ಪೇಟ ಸುತ್ತಿದವರು, ಕೋಟು ಹಾಕಿದವರು, ಎಲ್ಲರೂ ಶಾಂತವಾಗಿ ನಿಂತಿದ್ದರು. ನುಸುಳಿಕೊಂಡು ಹೋಗುವಾಗ ಅವರ ಚಪ್ಪಲಿ ಒಬ್ಬ ವಯಸ್ಸಾದವರ ಪಾದದ ಮೇಲೆ ಬಲವಾಗಿ ಬಿತ್ತು. ಅವರು ನೋವಿನಿಂದ ಬಗ್ಗಿದರು.

ಮೇಷ್ಟರು ತಟ್ಟನೆ ಅವರ ಎರಡೂ ಕೈ ಹಿಡಿದುಕೊಂಡು, "ಹುಚ್ಚಮ್ಮನ ತಪ್ಪು" ಎಂದರು.

"ಪರವಾಗಿಲ್ಲ ಬಿಡಿ ಸ್ವಾಮಿ" ಎಂದರು ಅವರು, ಕಾಲು ಉಜ್ಜಿಕೊಳ್ಳುತ್ತ. "ಪಾಪ, ಆಕೆ ಬೇಕಂತ ಮಾಡಿದ್ದಲ್ಲ."